25ಕ್ಕೆ 24 ಬಂದರೂ ಸರ್ಟಿಫಿಕೇಟ್ ಬರಲಿಲ್ಲ

ಎರಡು ವರ್ಷದ ಹಿಂದಿನ ಮಾತು. ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಕೋರ್ಸ್‌ನ ರಿಸಲ್ಟ್ ಬಂದ ಮರುದಿನ ಐದನೇ ಸೆಮಿಸ್ಟರ್ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು ಮೊಬೈಲ್ ತೋರಿಸಿದಳು. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 24. ಪರೀಕ್ಷೆಯಲ್ಲಿ 75ಕ್ಕೆ 23. ಒಟ್ಟು 47.

"ಪಾಸಾಗೋಕೆ 40 ಸಾಕು ಅಲ್ವಾ ಮ್ಯಾಮ್? ಮತ್ತೆ ಸರ್ಟಿಫಿಕೇಟ್ ಯಾಕೆ ಬಂದಿಲ್ಲ?"

ಒಟ್ಟು 40 ದಾಟಿದರೆ ಸಾಲದು. ಅಸೈನ್‌ಮೆಂಟ್‌ನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30 ಬೇರೆ ಬೇರೆಯಾಗಿಯೇ ಬರಬೇಕು. ಅವಳಿಗೆ ಏಳು ಅಂಕ ಕಡಿಮೆ ಬಿದ್ದಿತ್ತು. ಪರೀಕ್ಷೆಗೆ ಕಟ್ಟಿದ್ದ ಸಾವಿರ ರೂಪಾಯಿ ಅವಳ ಅಣ್ಣ ಕೊಟ್ಟಿದ್ದು. ಮನೆಯಲ್ಲಿ ಏನು ಹೇಳಲಿ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಜಿಲ್ಲಾ ಕೇಂದ್ರವೊಂದರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಜೊತೆಗೆ ಎನ್‌ಪಿಟಿಇಎಲ್ ಕೋರ್ಸ್ ತಗೊಂಡ ಮಕ್ಕಳಿಗೆ ಮೆಂಟರ್. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಇದು. 2014ರಿಂದ ಪರೀಕ್ಷೆ ಬರೆದವರಿಗೆ ಸರ್ಟಿಫಿಕೇಟ್ ಕೊಡುತ್ತಿದ್ದಾರೆ. ಈಗ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲೇ ಕೋರ್ಸ್‌ಗಳು ಸಿಗುತ್ತವೆ. ಸೇರಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಫೀ. ಡಿಗ್ರಿಗೆ ಸೇರುವ ಕ್ರೆಡಿಟ್ ಸಿಗುತ್ತೆ ಅಂತ ಗೊತ್ತಾದ ಮೇಲೆ ನಮ್ಮ ಕಾಲೇಜಿನಲ್ಲೂ ಸೇರುವವರು ಜಾಸ್ತಿಯಾದರು.

ಮೆಂಟರ್ ಆದ ಹೊಸದರಲ್ಲಿ ನಾನು ಏನು ಮಾಡುತ್ತಿದ್ದೆ ಅಂದರೆ, ಒಂದು ಎಕ್ಸೆಲ್ ಶೀಟ್ ಇಟ್ಟುಕೊಂಡಿದ್ದೆ. ಎಡಗಡೆ ಹೆಸರು, ಬಲಗಡೆ ಹನ್ನೆರಡು ವಾರ. ಅಸೈನ್‌ಮೆಂಟ್ ಹಾಕಿದವರಿಗೆ ಹಸಿರು, ಹಾಕದವರಿಗೆ ಕೆಂಪು. ಕೊನೆಯ ಗಡುವು ಬುಧವಾರ ರಾತ್ರಿ 11:59. ಎಂಟು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ "ಎಲ್ಲರೂ ಸಬ್ಮಿಟ್ ಮಾಡಿ" ಅಂತ ಹಾಕುತ್ತಿದ್ದೆ. ಹತ್ತು ಗಂಟೆಗೆ ಮತ್ತೊಂದು ಸಲ. ಶೀಟ್ ಪೂರ್ತಿ ಹಸಿರಾದರೆ ನೆಮ್ಮದಿಯಿಂದ ಮಲಗುತ್ತಿದ್ದೆ.

ಆ ಹುಡುಗಿಯ ಸಾಲು ಹನ್ನೆರಡು ವಾರವೂ ಹಸಿರಾಗಿತ್ತು.

ಅವಳದ್ದು ಕಂಪ್ಯೂಟರ್ ನೆಟ್‌ವರ್ಕ್ ಕೋರ್ಸ್. ಪಕ್ಕದಲ್ಲಿ ಕೂರಿಸಿಕೊಂಡು ಅವಳ ಹಳೆಯ ಅಸೈನ್‌ಮೆಂಟ್ ತೆಗೆದೆ. /26 ನೆಟ್‌ವರ್ಕ್‌ನಲ್ಲಿ (ವಿಳಾಸದ 32 ಬಿಟ್‌ಗಳಲ್ಲಿ 26 ನೆಟ್‌ವರ್ಕ್‌ಗೇ ಮೀಸಲು) ಎಷ್ಟು ಹೋಸ್ಟ್‌ಗಳಿಗೆ, ಅಂದರೆ ಕಂಪ್ಯೂಟರ್‌ನಂಥ ಸಾಧನಗಳಿಗೆ, ವಿಳಾಸ ಕೊಡಬಹುದು ಅಂತ ಒಂದು ಪ್ರಶ್ನೆ ಇತ್ತು. 62 ಅಂತ ಹಾಕಿದ್ದಳು, ಸರಿಯಾಗಿತ್ತು. "/27 ಆದರೆ?" ಅಂದೆ. ಸುಮ್ಮನಾದಳು. 32ರಲ್ಲಿ 27 ಕಳೆದರೆ ಉಳಿಯೋದು ಐದು ಬಿಟ್, ಎರಡರ ಐದನೇ ಘಾತ 32, ಅದರಲ್ಲಿ ಹೋಸ್ಟ್‌ಗೆ ಕೊಡಲಾಗದ ಎರಡು ವಿಳಾಸ ಬಿಟ್ಟರೆ 30. ಮೂರು ಹೆಜ್ಜೆಯ ಲೆಕ್ಕ. ಕಾಗದದ ಮೇಲೆ ಬರೆದು ತೋರಿಸಿದೆ. "ಇಷ್ಟೇನಾ ಮ್ಯಾಮ್?" ಅಂದಳು. ಆಮೇಲೆ ತಾನೇ ಮೆಲ್ಲಗೆ ಹೇಳಿದಳು, "ಆನ್ಸರ್ ಎಲ್ಲಾ ಟೆಲಿಗ್ರಾಮ್‌ನಲ್ಲಿ ಬರುತ್ತೆ. ನೀವು ಮೆಸೇಜ್ ಹಾಕಿದ ತಕ್ಷಣ ಅದನ್ನ ನೋಡಿ ಹಾಕ್ತಿದ್ವಿ."

ನನ್ನ ಮೆಸೇಜ್ ಅವರನ್ನು ಓದಿಸಲಿಲ್ಲ, ಟೆಲಿಗ್ರಾಮ್ ತೆಗೆಸಿತು. ಇದು ನನಗೆ ತುಂಬಾ ದಿನ ಕಾಡಿತು. ಆ ವರ್ಷ ಫೇಲಾದ ಉಳಿದವರನ್ನೂ ಒಬ್ಬೊಬ್ಬರಾಗಿ ಕರೆದು ಕೇಳಿದೆ. ಹೆಚ್ಚುಕಡಿಮೆ ಎಲ್ಲರದ್ದೂ ಇದೇ ಕತೆ. ಪಾಸಾದವರ ಪೈಕಿ ಎಷ್ಟೋ ಜನರ ಅಸೈನ್‌ಮೆಂಟ್ ಅಂಕ ಇವರಿಗಿಂತ ಕಡಿಮೆ ಇತ್ತು. ಅವರು ತಾವೇ ಮಾಡಿದ್ದರು, ಕೆಲವು ತಪ್ಪಿತ್ತು, ಅಷ್ಟೇ.

ಈಗ ನಾನು ಹೇಳಿಕೊಡುವುದು ಬೇರೆ. ಮೊದಲನೆಯದು, ಅಸೈನ್‌ಮೆಂಟ್ ಶನಿವಾರವೇ ಮಾಡಬೇಕು. ಬುಧವಾರದ ತನಕ ಎಷ್ಟು ಸಲ ಬೇಕಾದರೂ ಉತ್ತರ ಬದಲಾಯಿಸಿ ಮತ್ತೆ ಸಬ್ಮಿಟ್ ಮಾಡಬಹುದು, ಕೊನೆಯದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಈ ವಿಷಯ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಶನಿವಾರ ನೋಟ್ಸ್ ಮುಚ್ಚಿಟ್ಟು ಒಂದು ಸಲ ಹಾಕಿ. ಅನುಮಾನ ಬಂದ ಪ್ರಶ್ನೆಗೆ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ಆ ಭಾಗದ ವಿಡಿಯೋ ಮತ್ತೆ ನೋಡಿ, ಬೇಕಾದರೆ ತಿದ್ದಿ. ಗಡುವು ಮುಗಿದ ಮೇಲೆ ಸರಿಯುತ್ತರ ಅಲ್ಲೇ ಬರುತ್ತದೆ. ಗುರುವಾರ ಹತ್ತು ನಿಮಿಷ ಕೂತು, ತಪ್ಪಾದದ್ದು ಯಾಕೆ ತಪ್ಪಾಯಿತು ಅಂತ ಒಂದೊಂದು ಸಾಲು ಬರೆಯಿರಿ. ಪರೀಕ್ಷೆಗೆ ಒಂದು ವಾರ ಇರುವಾಗ ಓದಬೇಕಾದ್ದು ಮುಖ್ಯವಾಗಿ ಆ ಸಾಲುಗಳನ್ನೇ.

ಹನ್ನೆರಡು ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಬಂದ ಎಂಟು ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಬರುತ್ತವೆ. ಇದನ್ನು ಕೇಳಿದ ಕೂಡಲೇ ಮಕ್ಕಳು ಮಾಡುವ ಮೊದಲ ಕೆಲಸ ಅಂದರೆ ಶುರುವಿನ ವಾರಗಳನ್ನು ಬಿಟ್ಟುಬಿಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಮೂರನೇ ವಾರದ ಪಾಠ ನಿಂತಿರುವುದೇ ಮೊದಲೆರಡು ವಾರದ ಮೇಲೆ. ಆ ನಾಲ್ಕು ವಾರದ ರಿಯಾಯಿತಿ ಇಂಟರ್ನಲ್ಸ್‌ಗೆ, ಊರ ಜಾತ್ರೆಗೆ, ಜ್ವರಕ್ಕೆ ಇಟ್ಟುಕೊಳ್ಳಿ. ಅವು ಬಂದೇ ಬರುತ್ತವೆ.

ಇನ್ನು ವಿಡಿಯೋ. ವಾರಕ್ಕೆ ಸುಮಾರು ಎರಡೂವರೆ ಗಂಟೆಯಷ್ಟು ಇರುತ್ತವೆ. ಹಾಸಿಗೆಯಲ್ಲಿ ಮಲಗಿ ಎರಡು ಪಟ್ಟು ಸ್ಪೀಡಿನಲ್ಲಿ ನೋಡಿದರೆ ತಲೆಗೆ ಏನೂ ಹೋಗಲ್ಲ. ಕೈಯಲ್ಲಿ ಪೆನ್ ಇರಲಿ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಶುರು ಮಾಡಿದ ತಕ್ಷಣ ವಿಡಿಯೋ ನಿಲ್ಲಿಸಿ, ನೀವೇ ಮುಂದಿನ ಹೆಜ್ಜೆ ಹಾಕಿ ನೋಡಿ. ಇಂಗ್ಲಿಷ್ ಓಟ ಹಿಡಿಯಲು ಕಷ್ಟವಾದರೆ ಬರಹ ರೂಪದ ಪಾಠವೂ ಇದೆ, ಎಷ್ಟೋ ಕೋರ್ಸ್‌ಗಳಿಗೆ ಕನ್ನಡ ಅನುವಾದವೂ ಇದೆ. ಕನ್ನಡ ಮೀಡಿಯಂನಿಂದ ಬಂದ ನನ್ನ ಹುಡುಗರಲ್ಲಿ ಇಬ್ಬರು ಮೊದಲು ಕನ್ನಡದ್ದು ಓದಿ, ಆಮೇಲೆ ವಿಡಿಯೋ ನೋಡುತ್ತಾರೆ. ನನಗೆ ಇದು ತುಂಬಾ ಒಳ್ಳೆಯ ಅಭ್ಯಾಸ ಅನ್ನಿಸುತ್ತದೆ. ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದವರು ಕಾಲೇಜಿನ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ, ಆನ್‌ಲೈನ್ ಕೋರ್ಸ್‌ಗೆ ಟೈಮ್‌ಟೇಬಲ್ ಇಲ್ಲ, ಬೆಲ್ ಹೊಡೆಯಲ್ಲ, ಹಾಜರಿ ಕರೆಯಲ್ಲ. ಬಿಡುವಾದಾಗ ನೋಡ್ತೀನಿ ಅಂದವರಿಗೆ ಆ ಬಿಡುವು ಸಿಗುವುದೇ ಇಲ್ಲ. ಅದಕ್ಕೆ ನಾನು ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಲ್ಯಾಬ್ ತೆರೆದಿಡುತ್ತೇನೆ. ಪಾಠ ಮಾಡುವುದಿಲ್ಲ. ಅವರು ಕೂತು ತಮ್ಮ ಅಸೈನ್‌ಮೆಂಟ್ ಮಾಡುತ್ತಾರೆ, ಸಿಕ್ಕಿಹಾಕಿಕೊಂಡರೆ ಪಕ್ಕದವರನ್ನೋ ನನ್ನನ್ನೋ ಕೇಳುತ್ತಾರೆ. ಎಕ್ಸೆಲ್ ಶೀಟಿನಲ್ಲಿ ಈಗ ಹಸಿರು ಕೆಂಪು ಇಲ್ಲ. "ಈ ವಾರ ತಪ್ಪಿದ ಪ್ರಶ್ನೆ" ಅನ್ನೋ ಒಂದೇ ಕಾಲಂ ಇದೆ, ಅದನ್ನು ಅವರೇ ತುಂಬಬೇಕು. ಬುಧವಾರ ರಾತ್ರಿ ಮೆಸೇಜ್ ಹಾಕುವುದನ್ನು ನಿಲ್ಲಿಸಿದ್ದೇನೆ. ಹಾಗೆ ಮಾಡಿದ ಮೊದಲ ಸಲ ಗಡುವು ತಪ್ಪಿಸಿಕೊಂಡವರು ಜಾಸ್ತಿಯಾದರು, ವಿಭಾಗದ ಮೀಟಿಂಗ್‌ನಲ್ಲಿ ನನ್ನನ್ನು ಕೇಳಿದರು. ಕಾರಣ ಹೇಳಿದೆ. ಆದರೆ ಪರೀಕ್ಷೆಯಲ್ಲಿ 30ಕ್ಕಿಂತ ಕಡಿಮೆ ಬಂದವರ ಸಂಖ್ಯೆ ಹಿಂದಿನ ಸಲಕ್ಕಿಂತ ಇಳಿದಿತ್ತು.

ಆ ಹುಡುಗಿ ಜನವರಿಯಲ್ಲಿ ಮತ್ತೊಂದು ಕೋರ್ಸ್ ತಗೊಂಡಳು. ಅಸೈನ್‌ಮೆಂಟ್‌ನಲ್ಲಿ 25ಕ್ಕೆ 18, ಪರೀಕ್ಷೆಯಲ್ಲಿ 75ಕ್ಕೆ 46. ಈ ಸಲದ ಫೀ ಅವಳೇ ಕಟ್ಟಿದ್ದಳು, ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಟ್ಯೂಷನ್ ಹೇಳಿ.