ಹಂದಿಯ ಕೆನ್ನೆಗೆ ಜೊತೆ ಹುಡುಕುತ್ತಾ

"ತುಟಿ ಅಂಟ್ತಿದೆ ಕಣೋ" ಅಂದಳು ಅಕ್ಕ, ಎರಡನೇ ತುತ್ತಿಗೆ. "ರುಚಿ ಚೆನ್ನಾಗಿದೆ. ಆದ್ರೆ ಇದರ ಜೊತೆ ಕುಡಿಯೋಕೆ ಹುಳಿಯಾಗಿ ಏನಾದ್ರೂ ಕೊಡು."

ಅವತ್ತು ಮೊದಲ ಸಲ ಹಂದಿಯ ಕೆನ್ನೆ ಬೇಯಿಸಿದ್ದೆ. ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿದ ಮಾಂಸ ಚಮಚ ತಾಗಿದರೆ ಬಿಡಿಸಿಕೊಳ್ಳುತ್ತಿತ್ತು. ಅದಕ್ಕೆಂದೇ ತಂದಿಟ್ಟಿದ್ದ ಗಡುಸಾದ ಕೆಂಪು ವೈನು ಮಾತ್ರ ಬಾವನ ಲೋಟದಲ್ಲಿ ಹಾಗೇ ಉಳಿದಿತ್ತು. ಅಕ್ಕ ಮದ್ಯ ಮುಟ್ಟುವವಳಲ್ಲ. ಆದರೂ ಆ ತಟ್ಟೆಗೆ ಎಂಥ ಪಾನೀಯ ಬೇಕು ಅಂತ ಸರಿಯಾಗಿ ಹೇಳಿದ್ದು ಅವಳೇ. ಆ ಮಾತನ್ನೇ ಹಿಡಿದುಕೊಂಡು ಆಮೇಲೆ ಏಳು ಸಲ ಕೆನ್ನೆ ಬೇಯಿಸಿದ್ದೇನೆ.

ಕೆನ್ನೆ ಕೊಡಿ ಅಂತ ಕೇಳಿದರೆ ಎರಡು ಬೇರೆ ಬೇರೆ ತುಂಡು ಕೈಗೆ ಬರಬಹುದು. ಒಂದು, ದವಡೆಯ ಹೊರಭಾಗದ ಅಗಿಯುವ ಸ್ನಾಯು: ದುಂಡಗೆ, ಕಡುಗೆಂಪಾಗಿ, ಅಂಗೈಯೊಳಗೆ ಕೂರುವಷ್ಟು. ನಾನು ತೂಗಿ ನೋಡಿದವು ಒಂದೊಂದೂ 90 ಗ್ರಾಂ ಆಸುಪಾಸು ಇದ್ದವು. ಇನ್ನೊಂದು, ಗಲ್ಲದ ಕೆಳಗೆ ಜೋತುಬಿದ್ದಿರುವ, ಬಹುಪಾಲು ಕೊಬ್ಬೇ ಆಗಿರುವ ಅಗಲದ ಪಟ್ಟಿ. ಹೆಸರು ಒಂದೇ ಅಂತ ಎರಡನ್ನೂ ಒಂದೇ ಥರ ಬೇಯಿಸಿದರೆ ಒಂದು ಕೆಡುತ್ತದೆ. ನಾನು ಹೇಳಹೊರಟಿರುವುದು ಮೊದಲನೆಯದರ ಬಗ್ಗೆ.

ಹಂದಿ ಬದುಕಿರುವಷ್ಟು ಕಾಲವೂ ಮೇಯುವ, ಅಗಿಯುವ ಪ್ರಾಣಿ. ಅಷ್ಟು ದುಡಿದ ಸ್ನಾಯುವಿನ ಎಳೆಎಳೆಯ ನಡುವೆಯೂ ಕೊಲಾಜನ್ ಅನ್ನುವ ಗಡುಸು ಪ್ರೋಟೀನು ತುಂಬಿರುತ್ತದೆ. ಇಡೀ ತುಂಡಿನ ಹಂದಿಮಾಂಸಕ್ಕೆ ಒಳಗಿನ ಶಾಖ 63 ಡಿಗ್ರಿ ಮುಟ್ಟಿ, ಮೂರು ನಿಮಿಷ ಹಾಗೇ ಬಿಟ್ಟರೆ ಸಾಕು ಅಂತ ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಹೇಳಿತು. ಅದು ಸುರಕ್ಷತೆಯ ಲೆಕ್ಕ. ಆ ಶಾಖಕ್ಕೇ ನಿಲ್ಲಿಸಿದರೆ ಕೆನ್ನೆಯನ್ನು ಅಗಿಯಲಾಗುವುದಿಲ್ಲ. ಅದಕ್ಕಿಂತ ಬಿಸಿಯಾಗಿ, ಕುದಿಗಿಂತ ಸ್ವಲ್ಪ ಕೆಳಗೆ, ಗಂಟೆಗಟ್ಟಲೆ ಇದ್ದಾಗ ಮಾತ್ರ ಕೊಲಾಜನ್ ಕರಗಿ ಜೆಲಟಿನ್ ಅನ್ನುವ ಅಂಟು ಆಗುತ್ತದೆ.

ಈ ಅಂಟು ಕೊಬ್ಬಿನದು ಅಂತಲೇ ನಾನು ಮೊದಲು ನಂಬಿದ್ದೆ. ಅಲ್ಲ ಅಂತ ಗೊತ್ತಾದದ್ದು ಮಾರನೆಯ ಬೆಳಿಗ್ಗೆ, ಫ್ರಿಜ್ಜಿನಿಂದ ಪಾತ್ರೆ ತೆಗೆದಾಗ. ಮೇಲೆ ಬಿಳಿ ಕೊಬ್ಬು ಕಾಗದದಷ್ಟು ತೆಳ್ಳಗೆ ಕಟ್ಟಿತ್ತು. ಅದರ ಕೆಳಗೆ ಎರಡು ಬೆರಳು ದಪ್ಪ ಕಂದು ಬಣ್ಣದ ಸಾರು, ಪಾತ್ರೆ ಓರೆ ಮಾಡಿದರೂ ಅಲುಗದಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅಕ್ಕನ ತುಟಿ ಅಂಟಿಸಿದ್ದು ಅದು. ಹೊಟ್ಟೆಭಾಗದ ಮಾಂಸಕ್ಕೆ ಹೊಂದುವ ಪಾನೀಯವೇ ಇದಕ್ಕೂ ಹೊಂದುತ್ತದೆ ಅನ್ನುವ ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಕೊಬ್ಬು ನಾಲಿಗೆಯ ಮೇಲೆ ಜಾರಿ ಹೋಗುತ್ತದೆ, ಜೆಲಟಿನ್ ಕೂತುಬಿಡುತ್ತದೆ. ಅದನ್ನು ಎಬ್ಬಿಸಲು ಹುಳಿ ಬೇಕು, ಇಲ್ಲವೇ ನೊರೆಗುಳ್ಳೆ ಬೇಕು. ಎರಡೂ ಇದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಆ ಕೆಂಪು ವೈನಿಗೆ ಏನಾಗಿತ್ತು? ವೈನ್ ಮಾಡುವವರು ಒಗರು ಹೆಚ್ಚಾದಾಗ ಅದನ್ನು ತಗ್ಗಿಸಲು ಜೆಲಟಿನ್ ಬಳಸುವುದುಂಟು. ಒಗರಿಗೆ ಕಾರಣವಾದ ಟ್ಯಾನಿನ್ ಅದಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಕೆನ್ನೆಯ ಸಾರೂ ಒಗರನ್ನು ಮೆದುಗೊಳಿಸಬೇಕಿತ್ತು. ತೊಂದರೆ ಇದ್ದದ್ದು ನಾನು ಹಾಕಿದ್ದ ಒಣಮೆಣಸಿನಕಾಯಿಯಲ್ಲಿ. ಬಾಯಲ್ಲಿ ಖಾರವನ್ನು ಉರಿ ಅಂತ ಗುರುತಿಸುವ ಗ್ರಾಹಕವನ್ನೇ ಮದ್ಯಸಾರವೂ ಕೆಣಕುತ್ತದೆ. 14.5 ಶೇಕಡಾ ಮದ್ಯಸಾರದ ವೈನು ಖಾರದ ಮೇಲೆ ಬಿದ್ದಾಗ ಹಣ್ಣಿನ ರುಚಿಯೆಲ್ಲ ಮಾಯವಾಗಿ ಬರೀ ಉರಿ, ಒಗರು ಉಳಿದಿತ್ತು. ಮೂರನೇ ಸಲ ಮೆಣಸಿನಕಾಯಿ ಬಿಟ್ಟು ಬೇಯಿಸಿ, ಒಗರು ಕಡಿಮೆಯಿರುವ ಪಿನೋ ನ್ವಾರ್ ಅನ್ನುವ ಕೆಂಪು ವೈನು ಕೊಟ್ಟೆ, ಸ್ವಲ್ಪ ತಣ್ಣಗೆ. ಬಾವ ಎರಡನೇ ಲೋಟ ಕೇಳಿದರು.

ಈಗ ನಾನು ಮಾಡುವ ರೀತಿ ಹೀಗೆ. ಕೆನ್ನೆಯ ಮೇಲಿನ ಬೆಳ್ಳಗೆ ಹೊಳೆಯುವ ಪೊರೆಯನ್ನು ಚೂಪು ಚಾಕುವಿನಿಂದ ಬಿಡಿಸುತ್ತೇನೆ. ಇದಕ್ಕೆ ತಾಳ್ಮೆ ಬೇಕು, ಅವಸರ ಮಾಡಿದರೆ ಮಾಂಸವೂ ಹೋಗುತ್ತದೆ. ಕಿಲೋಗೆ 12 ಗ್ರಾಂ ಲೆಕ್ಕದಲ್ಲಿ ಉಪ್ಪು ಸವರಿ ರಾತ್ರಿಯಿಡೀ ಬಿಡುತ್ತೇನೆ. ಮರುದಿನ ಒದ್ದೆ ಒರೆಸಿ, ದಪ್ಪ ತಳದ ಪಾತ್ರೆಯಲ್ಲಿ ಎಲ್ಲ ಕಡೆ ಕೆಂಪಗೆ ಹುರಿದು ತೆಗೆದಿಟ್ಟು, ಅದೇ ಪಾತ್ರೆಯಲ್ಲಿ ಈರುಳ್ಳಿ. ಈರುಳ್ಳಿ ಪೂರ್ತಿ ಬೆಂದು ಬಾಡುವವರೆಗೆ ಹುಳಿ ಹಾಕಬಾರದು. ಹುಳಿ ಬಿದ್ದರೆ ಅದು ಗಟ್ಟಿಯಾಗಿಯೇ ಉಳಿಯುತ್ತದೆ. ನಂತರ ಮಾಂಸ, ಅರ್ಧ ಮುಳುಗುವಷ್ಟು ನೀರು, ಒಂದು ಚಕ್ರಮೊಗ್ಗು, ಸೋಂಪು, ಕಿತ್ತಳೆ ಸಿಪ್ಪೆಯ ಒಂದು ಚೂರು. ಚಕ್ರಮೊಗ್ಗು, ಸೋಂಪು ಎರಡರ ಪರಿಮಳಕ್ಕೂ ಅನೆಥೋಲ್ ಅನ್ನುವ ಒಂದೇ ಅಂಶ ಕಾರಣ, ಹಾಗಾಗಿ ಎರಡನ್ನೂ ಕೈ ಬಿಗಿಹಿಡಿದೇ ಹಾಕಬೇಕು. ಎರಡು ಚಕ್ರಮೊಗ್ಗು ಹಾಕಿದ ದಿನ ಮಾಂಸದ ರುಚಿಯೇ ಸಿಗಲಿಲ್ಲ.

ಹುಳಿ ಯಾವುದು, ಯಾವಾಗ ಅನ್ನುವುದರ ಮೇಲೆ ಬಹಳ ಹೊತ್ತು ತಲೆ ಕೆಡಿಸಿಕೊಂಡಿದ್ದೇನೆ. ಹುಣಸೆಯ ಟಾರ್ಟಾರಿಕ್ ಆಮ್ಲ ಎಷ್ಟು ಕುದಿಸಿದರೂ ಆವಿಯಾಗಿ ಹೋಗುವುದಿಲ್ಲ. ಅದು ಈರುಳ್ಳಿ ಬೆಂದ ಕೂಡಲೇ ಬಿದ್ದು, ಮೂರು ಗಂಟೆ ಮಾಂಸದ ಜೊತೆ ಇರಲಿ. ವಿನೆಗರ್ ಹಾಗಲ್ಲ. ಅದರ ಅಸಿಟಿಕ್ ಆಮ್ಲ ಆವಿಯ ಜೊತೆ ಹೊರಟುಬಿಡುತ್ತದೆ, ಹಾಗಾಗಿ ಒಲೆ ಆರಿಸಿದ ಮೇಲೆ ಒಂದು ಚಮಚ. ಹಸಿರು ಸೇಬು ಮಾತ್ರ ಬೇಯಿಸುವುದೇ ಇಲ್ಲ, ತೆಳ್ಳಗೆ ಹೆಚ್ಚಿ ಹಸಿಯಾಗಿಯೇ ಮೇಲೆ ಹರಡುತ್ತೇನೆ. ಕೆನ್ನೆಯಲ್ಲಿ ಹಲ್ಲಿಗೆ ಸಿಗುವಂಥದ್ದು ಏನೂ ಇಲ್ಲ, ಎಲ್ಲವೂ ಮೆತ್ತಗೆ. ಅದರ ಪಕ್ಕ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ ಇಡುವವರು ಬಹಳ. ನನಗೆ ಅದು ಮೆತ್ತೆಯ ಮೇಲೆ ಮೆತ್ತೆ ಹಾಸಿದ ಹಾಗೆ. ಹಸಿ ಮೂಲಂಗಿ, ಸೇಬು, ಹುರಿದು ಬೇಯಿಸಿದ ಬಾರ್ಲಿ ಇದ್ದರೆ ಪ್ರತಿ ತುತ್ತಿಗೂ ಕರಕರ ಅನ್ನುವುದೊಂದು ಸಿಗುತ್ತದೆ. ಒಂದು ಚಮಚ ಕಟುವಾದ ಸಾಸಿವೆ ಪೇಸ್ಟೂ ತಟ್ಟೆಯ ಅಂಚಿನಲ್ಲಿ ಇರಲಿ.

ಇನ್ನು ಲೋಟದ ವಿಷಯ. ಏಳು ಸಲದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಸಿಹಿಯಿಲ್ಲದ ಸೈಡರ್, ಅಂದರೆ ಸೇಬಿನ ರಸ ಹುದುಗಿಸಿದ ಮದ್ಯ. ಸೇಬಿನ ಹುಳಿ, ಗುಳ್ಳೆ, ತುಸುವೇ ಒಗರು. ಮದ್ಯಸಾರ ವೈನಿಗಿಂತ ಎಷ್ಟೋ ಕಡಿಮೆ. ತಟ್ಟೆಯ ಮೇಲಿನ ಹಸಿ ಸೇಬಿಗೂ ಲೋಟಕ್ಕೂ ನಂಟು ತಾನಾಗಿ ಬೆಳೆಯುತ್ತದೆ. ಬೇಯಿಸುವ ನೀರಿನಲ್ಲಿ ಅರ್ಧದಷ್ಟು ಅದನ್ನೇ ಹಾಕಿದ ದಿನ ಊಟ ಇನ್ನೂ ಚೆನ್ನಾಗಿತ್ತು. ಅಡುಗೆಯಲ್ಲಿ ಖಾರ ಇರಲೇಬೇಕು ಅನ್ನುವವರಿಗೆ ಜರ್ಮನಿಯ ಮೋಸೆಲ್ ಕಣಿವೆಯ, ತುಸು ಸಿಹಿ ಉಳಿಸಿದ, ಕಾಬಿನೆಟ್ ಅನ್ನುವ ಹಗುರ ದರ್ಜೆಯ ರೀಸ್ಲಿಂಗ್ ಬಿಳಿ ವೈನು ಹೇಳುತ್ತೇನೆ. ಅದರಲ್ಲಿ ಉಳಿದಿರುವ ಸಿಹಿ ಖಾರವನ್ನು ತಣಿಸುತ್ತದೆ, ಹುಳಿ ಅಂಟನ್ನು ನೋಡಿಕೊಳ್ಳುತ್ತದೆ, ಮದ್ಯಸಾರವೂ ಉರಿಸುವಷ್ಟು ಇರುವುದಿಲ್ಲ.

ಸ್ಪೇನಿನಲ್ಲಿ ಈ ಕೆನ್ನೆಗೆ ಕಾರಿಯೇರಾಸ್ ಅನ್ನುತ್ತಾರೆ. ಬಿಸಿಲಲ್ಲಿ ಒಣಗಿಸಿದ ದ್ರಾಕ್ಷಿಯಿಂದ ಮಾಡುವ, ಕಾಕಂಬಿಯಷ್ಟು ಸಿಹಿಯಾದ ಪೆದ್ರೋ ಹಿಮೇನೆಸ್ ಶೆರಿಯಲ್ಲಿ, ಅಂದರೆ ಮದ್ಯಸಾರ ಬೆರೆಸಿ ಗಟ್ಟಿ ಮಾಡಿದ ವೈನಿನಲ್ಲಿ, ಬೇಯಿಸುವುದು ಅಲ್ಲಿ ರೂಢಿ. ನಾನೂ ಮಾಡಿ ನೋಡಿದೆ. ಸಾಸ್ ಕನ್ನಡಿಯ ಹಾಗೆ ಹೊಳೆಯಿತು, ಮೊದಲ ತುತ್ತು ಅದ್ಭುತವಾಗಿತ್ತು. ನಾಲ್ಕನೆಯದಕ್ಕೆ ಸಾಕಾಯಿತು. ಅಂಟಿನ ಮೇಲೆ ಸಿಹಿ ಕೂತರೆ ಬಾಯಿಗೆ ಬಿಡುವೇ ಸಿಗುವುದಿಲ್ಲ. ಅದೇ ಶೆರಿಯ ಕುಟುಂಬದ ಒಲೊರೊಸೊ ಸಿಹಿಯಿಲ್ಲದ್ದು. ಪೀಪಾಯಿಯಲ್ಲಿ ಗಾಳಿಯ ಸಂಪರ್ಕದಲ್ಲೇ ವರ್ಷಗಟ್ಟಲೆ ಮಾಗಿ ಅಕ್ರೋಟಿನ ವಾಸನೆ ಹಿಡಿದಿರುತ್ತದೆ. ಅಡುಗೆಗೂ ಲೋಟಕ್ಕೂ ನಾನು ಅದನ್ನೇ ಆರಿಸುತ್ತೇನೆ. 17 ಶೇಕಡಾ ಮೀರಿದ ಮದ್ಯಸಾರ ಇರುವುದರಿಂದ ಸಣ್ಣ ಲೋಟ ಸಾಕು, ಮೆಣಸಿನಕಾಯಿಯಂತೂ ಕೂಡದು.

ಬಿಯರಿನಲ್ಲಿ ಬೇಯಿಸುವುದಾದರೆ ಒಂದು ಎಚ್ಚರಿಕೆ. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಕುದಿದಷ್ಟೂ ಗಟ್ಟಿಯಾಗುತ್ತದೆ, ಹಾಪ್ಸ್ ಹೆಚ್ಚಿರುವ ಐಪಿಎ ಥರದ ಬಿಯರ್ ಹಾಕಿದರೆ ಸಾರು ಔಷಧಿಯಾಗುತ್ತದೆ. ಜರ್ಮನಿಯ ಡುಂಕೆಲ್‌ನಂಥ ಕಹಿ ಕಡಿಮೆಯ, ಹುರಿದ ಮಾಲ್ಟಿನ (ಮೊಳಕೆ ಬರಿಸಿದ ಬಾರ್ಲಿಯ) ಬಿಯರ್ ಒಳ್ಳೆಯದು.

ಅಕ್ಕನಿಗೆ ಏನು ಕೊಡಲಿ ಅನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಮದ್ಯ ಬೇಡ ಅನ್ನುವವರ ಮುಂದೆ ಸಿಹಿ ಜ್ಯೂಸ್ ಇಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ ಅಂತ ಮನಸಾರೆ ನಂಬಿದ್ದೇನೆ. ಮೊದಲು ನಿಂಬೆ ಸೋಡಾಕ್ಕೆ ಜಜ್ಜಿದ ಶುಂಠಿ, ಚಿಟಿಕೆ ಉಪ್ಪು ಹಾಕಿ ಕೊಟ್ಟೆ. ಅಂಟು ಹೋಯಿತು, ಆದರೆ ಮಾಂಸದ ಆಳಕ್ಕೆ ಅದು ಇಳಿಯಲಿಲ್ಲ. ಆಮೇಲೆ ಕೊಟ್ಟದ್ದು ಲಪ್ಸಾಂಗ್ ಸೂಚಾಂಗ್, ಚೀನಾದ ವೂಯಿ ಬೆಟ್ಟಗಳ ಕಡೆ ಪೈನ್ ಹೊಗೆಯಲ್ಲಿ ಒಣಗಿಸುವ ಕಪ್ಪು ಚಹಾ. ಹಾಲು, ಸಕ್ಕರೆ ಇಲ್ಲದೆ, ಮೂರೇ ನಿಮಿಷ ನೆನೆಸಿದ್ದು. ವೈನಿನ ಒಗರು ಮಾಡಬೇಕಾದ ಕೆಲಸವನ್ನು ಇಲ್ಲಿ ಚಹಾದ ಒಗರು ಮಾಡುತ್ತದೆ, ಬಿಸಿ ಇರುವುದರಿಂದ ಜೆಲಟಿನ್ ಬಾಯಲ್ಲೇ ಕರಗುತ್ತದೆ. ಹೊಗೆಯ ವಾಸನೆಗೆ ಮಾಂಸವನ್ನು ಕೆಂಡದ ಮೇಲೆ ಸುಟ್ಟ ಹಾಗೆ ಅನ್ನಿಸಿತಂತೆ ಅವಳಿಗೆ. ಬಾವನೂ ತಮ್ಮ ಲೋಟ ಸರಿಸಿಟ್ಟು ಅವಳ ಕಪ್ಪಿನಿಂದಲೇ ಕುಡಿದರು.

ಕೊಬ್ಬಿನ ಪಟ್ಟಿ ಕೈಗೆ ಸಿಕ್ಕಿದವರಿಗೆ ದಾರಿ ಬೇರೆ. ಇಟಲಿಯವರು ಅದನ್ನು ಉಪ್ಪು, ಮೆಣಸಿನಲ್ಲಿ ಇಟ್ಟು, ತೂಗುಹಾಕಿ ಒಣಗಿಸಿ ಗ್ವಾಂಚಾಲೆ ಮಾಡುತ್ತಾರೆ. ಗ್ವಾಂಚಾ ಅಂದರೆ ಅವರ ಭಾಷೆಯಲ್ಲಿ ಕೆನ್ನೆ. ಅಮಾತ್ರಿಚಾನಾ ಪಾಸ್ತಾದಲ್ಲಿ ಅದರ ಕೊಬ್ಬಿಗೆ ಟೊಮೇಟೊ ಹುಳಿ ಎದುರು ನಿಲ್ಲುತ್ತದೆ. ಅಲ್ಲಿ ಅಂಟಿನ ಪ್ರಶ್ನೆಯೇ ಇಲ್ಲ.

ಕಳೆದ ಭಾನುವಾರದ್ದು ಇನ್ನೂ ಎರಡು ತುಂಡು ಫ್ರಿಜ್ಜಿನಲ್ಲಿದೆ. ಬೆಳಿಗ್ಗೆ ಒಂದನ್ನು ತಣ್ಣಗೇ ಹೆಚ್ಚಿ, ಹೆಪ್ಪುಗಟ್ಟಿದ ಸಾರಿನ ಸಮೇತ ಬಿಸಿ ಟೋಸ್ಟಿನ ಮೇಲಿಟ್ಟೆ. ಸಾರು ಕರಗಿ ಬ್ರೆಡ್ಡಿನೊಳಗೆ ಇಳಿಯುವಷ್ಟರಲ್ಲಿ ಚಹಾ ಸೋಸಿದೆ. ಇನ್ನೊಂದನ್ನು ಅಕ್ಕನಿಗೆಂದು ಡಬ್ಬಿಗೆ ಹಾಕಿಟ್ಟಿದ್ದೇನೆ.