ಸಭೆ ನಿಮ್ಮ ಹಿಂದೆಯೋ, ನೀವು ಸಭೆಯ ಹಿಂದೆಯೋ?

ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಯೊಂದರಲ್ಲಿ, ಅಂದರೆ ಚರ್ಚಿನಲ್ಲಿ, ನಾನು ಭಾನುವಾರದ ಆರಾಧನೆಗೆ ಆರ್ಗನ್ ನುಡಿಸುತ್ತೇನೆಂದು ತಿಳಿದವರು, ಅದರಲ್ಲೂ ಸಂಗೀತ ಕಚೇರಿಗಳಿಗೆ ತಪ್ಪದೆ ಹೋಗುವ ಗೆಳೆಯರು, ಕೇಳುವ ಪ್ರಶ್ನೆ ಒಂದೇ: ಸಭೆಯವರು ಹಾಡಿದಂತೆ ನೀವು ನುಡಿಸುತ್ತೀರೋ, ನೀವು ನುಡಿಸಿದಂತೆ ಅವರು ಹಾಡುತ್ತಾರೋ? ಗಾಯಕರ ಬೆನ್ನಿಗೇ ಸಾಗುವ ಪಿಟೀಲನ್ನು ಕೇಳಿ ಬೆಳೆದವರಿಗೆ ಈ ಸಂಶಯ ಸಹಜವೇ. ವೇಗದ ಮಟ್ಟಿಗೆ ಸಭೆ ನನ್ನನ್ನು ಅನುಸರಿಸಬೇಕು, ಉಸಿರಿನ ಮಟ್ಟಿಗೆ ನಾನು ಸಭೆಯನ್ನು ಅನುಸರಿಸಬೇಕು ಎಂಬುದು ನನ್ನ ಉತ್ತರ.

ವೇಗವನ್ನು ಸಭೆಗೆ ಬಿಟ್ಟುಕೊಡಲಾಗದಿರುವುದಕ್ಕೆ ಕಾರಣ ಶಬ್ದದ ನಡಿಗೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಮೂವತ್ತು ಮೀಟರ್ ದೂರದ ಕೊನೆಯ ಸಾಲಿಗೆ ನನ್ನ ಸ್ವರ ತಲುಪಿ, ಅಲ್ಲಿನವರ ದನಿ ನನ್ನ ಕಿವಿಗೆ ಮರಳುವಷ್ಟರಲ್ಲಿ ಸೆಕೆಂಡಿನ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಸಮಯ ಕಳೆದಿರುತ್ತದೆ. ಅದು ಕೇಳಿಸಲೆಂದು ನಾನು ಕಾದರೆ, ಅವರು ಮತ್ತೆ ನನಗಾಗಿ ಕಾಯುತ್ತಾರೆ. ಹೀಗೆ ಪರಸ್ಪರ ಕಾಯುತ್ತಾ ಮೂರನೆಯ ಚರಣಕ್ಕೆ ಬರುವ ವೇಳೆಗೆ ಹಾಡು ತೆವಳತೊಡಗುತ್ತದೆ. ಆದ್ದರಿಂದ ಕೇಳಿಸಿಕೊಳ್ಳುತ್ತಲೇ ಕಾಯದೆ ನುಡಿಸುವುದನ್ನು ರೂಢಿಸಿಕೊಳ್ಳಬೇಕಾಗುತ್ತದೆ.

ಆದರೆ ಆರ್ಗನ್ನಿಗೆ ಉಸಿರು ಮುಗಿಯುವುದಿಲ್ಲ, ಹಾಡುವವರಿಗೆ ಮುಗಿಯುತ್ತದೆ. ಪಿಯಾನೊದ ಸ್ವರ ಹೊಡೆತದಿಂದ ಹುಟ್ಟಿ ತಾನಾಗಿ ಕ್ಷೀಣಿಸಿದರೆ, ಆರ್ಗನ್ನಿನ ಸ್ವರ ಬೆರಳು ಎತ್ತುವವರೆಗೂ ಒಂದೇ ಬಲದಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ಒತ್ತಿದರೂ ಅದಕ್ಕೆ ಒತ್ತು ಬರುವುದಿಲ್ಲ. ಹೀಗಾಗಿ ಲಯವನ್ನು ತೋರಿಸಲು ನಮಗಿರುವ ಮುಖ್ಯ ಉಪಾಯವೆಂದರೆ ಮೌನ. 1551ರ ಜಿನೀವಾದ ಕೀರ್ತನ ಸಂಗ್ರಹದಿಂದ ಬಂದ ‘ಓಲ್ಡ್ ಹಂಡ್ರೆಡ್ತ್’ ಧಾಟಿಯನ್ನೇ ನೋಡಿ. ಅದರ ಮೊದಲ ಸಾಲು ನಮ್ಮ ಸ್ವರಗಳಲ್ಲಿ ಸ ಸ ನಿ ದ ಪ ಸ ರಿ ಗ. ಮೊದಲ ಎರಡು ಷಡ್ಜಗಳನ್ನು ಅಂಟಿಸಿ ನುಡಿಸಿದರೆ ಒಂದೇ ಉದ್ದನೆಯ ಸ್ವರವಾಗಿ ಕೇಳಿ, ಎರಡನೆಯ ಅಕ್ಷರವನ್ನು ಎಲ್ಲಿ ಹಿಡಿಯಬೇಕೆಂಬುದು ಸಭೆಗೆ ತಿಳಿಯದು. ಮೊದಲನೆಯದನ್ನು ತುಸು ಮೊಟಕುಗೊಳಿಸಿದರೆ ನೂರಾರು ಜನ ಒಟ್ಟಿಗೆ ಹೆಜ್ಜೆ ಇಡುತ್ತಾರೆ. ಸಾಲಿನ ಕೊನೆಯಲ್ಲಿಯೂ ಎರಡೂ ಕೈಗಳನ್ನು ಎತ್ತಿ ಉಸಿರಿಗೆ ಜಾಗ ಕೊಡಬೇಕು. ಇದಕ್ಕಾಗಿ ನಾನೂ ಮನಸ್ಸಿನಲ್ಲಿ ಸಾಹಿತ್ಯವನ್ನು ಹಾಡಿಕೊಳ್ಳುತ್ತೇನೆ. ಸ್ವರಲಿಪಿಯನ್ನಷ್ಟೇ ನೋಡುವವರು ಅರ್ಥ ಮುಗಿಯದ ಕಡೆ ಸಾಲನ್ನು ಮುರಿಯುತ್ತಾರೆ.

ಇದರ ಬೆನ್ನಲ್ಲೇ ಬರುವ ಇನ್ನೊಂದು ಪ್ರಶ್ನೆ, ಪುಸ್ತಕವಿಲ್ಲದೆ ನುಡಿಸುವ ಭಾಗ ಎಲ್ಲಿಂದ ಬರುತ್ತದೆ ಎಂಬುದು. ಬಹುಮಟ್ಟಿಗೆ ಅಗತ್ಯದಿಂದಲೇ. ಕಾಣಿಕೆಯ ಹಾಡು ಮುಗಿದರೂ ಕಾಣಿಕೆಯ ಚೀಲ ಹಿಂದಿನ ಸಾಲುಗಳಲ್ಲೇ ಇರುತ್ತದೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಎಷ್ಟು ಜನ ಬರುತ್ತಾರೆಂದು ಮೊದಲೇ ಹೇಳಲಾಗದು. ಆಗ ಹಾಡಿದ ಧಾಟಿಯ ಒಂದು ತುಣುಕನ್ನು ಹಿಡಿದು ಬೆಳೆಸುತ್ತೇನೆ, ಸಭಾಪಾಲಕರು ಎದ್ದೊಡನೆ ಎರಡು ಸ್ವರಮೇಳಗಳಲ್ಲಿ (ಒಟ್ಟಿಗೆ ಒತ್ತಿ ಹಿಡಿಯುವ ಸ್ವರಗಳ ಗುಂಪುಗಳಲ್ಲಿ) ಮುಗಿಸುವಂತೆ. ಮುಂದಿನ ಗೀತೆ ಬೇರೆ ಶ್ರುತಿಯಲ್ಲಿದ್ದರೆ ಅಲ್ಲಿಗೇ ಹೊರಳಿಕೊಂಡು ನಿಲ್ಲುವುದೂ ಈ ಕೆಲಸದ್ದೇ ಭಾಗ. ಇದರಲ್ಲಿ ಅಳತೆ ತಪ್ಪುವುದು ದೊಡ್ಡವರಿಗೂ ಹೊಸದಲ್ಲ: 1706ರಲ್ಲಿ ಜರ್ಮನಿಯ ಆರ್ನ್‌ಸ್ಟಾಟ್‌ನ ಚರ್ಚಿನ ಅಧಿಕಾರಿಗಳು ಅಲ್ಲಿ ಆರ್ಗನ್ ನುಡಿಸುತ್ತಿದ್ದ ಯುವ ಸಂಗೀತಗಾರ ಬಾಖ್‌ನನ್ನು ಕರೆಸಿ, ಗೀತೆಗಳಲ್ಲಿ ವಿಚಿತ್ರ ಸ್ವರಗಳನ್ನು ಬೆರೆಸಿ ಸಭೆಯನ್ನು ಗಲಿಬಿಲಿಗೊಳಿಸಿದ್ದಾನೆಂದು ಆಕ್ಷೇಪಿಸಿದ್ದರು. ಗೀತೆಗೆ ಮೊದಲು ನುಡಿಸುವ ಪೀಠಿಕೆ ಉದ್ದವಾಯಿತೆಂದು ಹೇಳಿದ ಮೇಲೆ ಆತ ಅದನ್ನು ತೀರಾ ಚಿಕ್ಕದು ಮಾಡಿದನೆಂಬ ದೂರೂ ಇತ್ತು. ಬಾಖ್‌ನ ಮೇಲೆ ನನಗೆ ಅಪಾರ ಭಕ್ತಿಯಿದ್ದರೂ, ಈ ಒಂದು ವಿಷಯದಲ್ಲಿ ಆ ಸಭೆಯವರ ಮೇಲೂ ಕನಿಕರವಿದೆ.

ನಮ್ಮ ಸಭೆಗಳಿಗೆ ವಿಶೇಷವಾದ ಕಷ್ಟವೆಂದರೆ ರಾಗದಲ್ಲಿ ಹಾಡುವ ಕೀರ್ತನೆಗಳು. ಮಧ್ಯಮಾವತಿ ರಾಗದಲ್ಲಿ ಗಾಂಧಾರ, ಧೈವತಗಳಿಲ್ಲ. ಷಡ್ಜದ ಮೇಲೆ ಪಾಶ್ಚಾತ್ಯ ಪದ್ಧತಿಯ ಪೂರ್ಣ ಸ್ವರಮೇಳ ಕಟ್ಟಬೇಕಾದರೆ ಗಾಂಧಾರ ಬೇಕೇ ಬೇಕು, ಅದನ್ನು ಸೇರಿಸಿದ ಕ್ಷಣವೇ ರಾಗ ಕೆಡುತ್ತದೆ. ಸ್ವರವನ್ನು ತೂಗಿ ಜಾರಿಸುವ ಗಮಕವಂತೂ ಆರ್ಗನ್ನಿನ ಮನೆಗಳ ನಡುವೆ ಎಲ್ಲಿಯೂ ಸಿಗದು. ಅಂಥಲ್ಲಿ ಕಾಲಿನಿಂದ ಒತ್ತುವ ಮನೆಗಳಲ್ಲಿ ಷಡ್ಜ ಪಂಚಮಗಳನ್ನು ತಂಬೂರಿಯಂತೆ ಮೆಲುವಾಗಿ ಹಿಡಿದು, ಬಲಗೈಯಲ್ಲಿ ಧಾಟಿಯನ್ನಷ್ಟೇ ನುಡಿಸುತ್ತೇನೆ. ತಬಲಾ ಮತ್ತು ಹಿರಿಯ ಹೆಂಗಸರ ದನಿ ಹಾಡನ್ನು ಹಿಡಿದ ಮೇಲೆ ಅದನ್ನೂ ಬಿಟ್ಟುಬಿಡುತ್ತೇನೆ. ಅಲ್ಲಿ ಮಾತ್ರ ವೇಗವೂ ಅವರದೇ.