ಸೀರೆಗೆ ಅಂತ ಹೋದ ಕಂಚಿ

ತಂಗಿ ಮದ್ವೆಗೆ ಧಾರೆ ಸೀರೆ ಕಂಚಿಗೇ ಹೋಗಿ ತರಬೇಕು ಅಂತ ಅಮ್ಮಂದು ಹಠ. ಜಯನಗರದಲ್ಲೂ ಅದೇ ಸೀರೆ ಸಿಗುತ್ತಮ್ಮ ಅಂದ್ರೆ ಕೇಳಬೇಕಲ್ಲ. ತಂಗಿಗೆ ರಜೆ ಸಿಗ್ಲಿಲ್ಲ, ಹಾಗಾಗಿ ನಾನೇ ಡ್ರೈವರ್ರು. ನಂಗೂ ಒಳಗೊಳಗೇ ಒಂದು ಆಸೆ ಇತ್ತು ಅನ್ನಿ, ಅದನ್ನ ಹೊಸೂರು ದಾಟೋವರೆಗೂ ಬಾಯಿ ಬಿಡ್ಲಿಲ್ಲ.

ಕಾಲೇಜಲ್ಲಿದ್ದಾಗ ಟ್ರಿಪ್ಪಲ್ಲಿ ಬಾದಾಮಿಗೆ ಹೋಗಿದ್ವಿ. ಅಲ್ಲಿ ಒಂದು ಬಂಡೆ ಮೇಲೆ ಪಲ್ಲವರ ನರಸಿಂಹವರ್ಮನ ಶಾಸನ ಇದೆ. 642ರಲ್ಲಿ ಬಾದಾಮಿ ಗೆದ್ದ ಮಹಾರಾಯ, ನಮ್ಮ ಇಮ್ಮಡಿ ಪುಲಕೇಶಿ ಊರಲ್ಲೇ ತನ್ನ ಹೆಸರು ಕೆತ್ತಿಸಿ, ವಾತಾಪಿಕೊಂಡ, ಅಂದ್ರೆ ಬಾದಾಮಿ ಗೆದ್ದೋನು, ಅಂತ ಬಿರುದೂ ಹಾಕ್ಕೊಂಡ. ಆಗ ಸಿಕ್ಕಾಪಟ್ಟೆ ಉರಿದಿತ್ತು ನಂಗೆ, ವಯಸ್ಸು ಅಂಥದ್ದು. ಆಮೇಲೆ ಗೊತ್ತಾಗಿದ್ದೇನಂದ್ರೆ, ಒಂದು ನೂರು ವರ್ಷ ಬಿಟ್ಟು ನಮ್ಮೋನು, ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ, ಪಲ್ಲವರ ರಾಜಧಾನಿ ಕಂಚಿಗೆ ನುಗ್ಗಿ ಅಲ್ಲೂ ಶಾಸನ ಹಾಕಿಸಿದಾನೆ, ಅದೂ ಕನ್ನಡದಲ್ಲಿ. ಅದನ್ನ ಕಣ್ಣಾರೆ ನೋಡಬೇಕು ಅನ್ನೋದೇ ಆ ಆಸೆ.

ಬೆಳಗ್ಗೆ ನಾಲ್ಕೂವರೆಗೆ ಬಿಟ್ಟು ಕೃಷ್ಣಗಿರಿ, ವೆಲ್ಲೂರು, ವಾಲಾಜಾಪೇಟೆ ಮೇಲೆ ಹತ್ತು ಗಂಟೆ ಹೊತ್ತಿಗೆ ತಲುಪಿದ್ವಿ. ಮೊದಲು ಕಾಮಾಕ್ಷಿ. ಕಂಚಿಲಿ ಬೇರೆ ಶಿವನ ಗುಡಿಗಳಲ್ಲಿ ಅಮ್ಮನವರಿಗೆ ಅಂತ ಬೇರೆ ಗುಡಿ ಇರಲ್ವಂತೆ, ಊರಿಗೆಲ್ಲಾ ಈಕೆ ಒಬ್ಬಳೇ ಸಾಕು ಅಂತ ಲೆಕ್ಕ. ಕ್ಯೂ ಮುಗಿಸ್ಕೊಂಡು ಏಕಾಂಬರನಾಥನ ಹತ್ರ ಓಡಿದ್ವಿ. ಆ ಆಕಾಶದೆತ್ತರದ ಗೋಪುರ 1509ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ್ದು ಅಂದೆ, ಅಮ್ಮ ತಲೆ ಎತ್ತಿ ನೋಡಿ 'ನಮ್ಮೋರೇ ಬಿಡು' ಅಂದ್ಬಿಟ್ಲು. ಒಳಗಿರೋದು ಪೃಥ್ವಿ ಲಿಂಗ, ಮಣ್ಣಿಂದು, ಅದಕ್ಕೇ ನೀರಿನ ಅಭಿಷೇಕ ಇಲ್ಲ. ದರ್ಶನ ಆಗೋಷ್ಟರಲ್ಲಿ ಬಾಗಿಲು ಹಾಕೋ ಟೈಮು. ಇದೊಂದು ನೆನಪಿಟ್ಕೊಳ್ಳಿ, ಮಧ್ಯಾಹ್ನ ಹನ್ನೆರಡು ಹನ್ನೆರಡೂವರೆ ಆದ್ರೆ ದೇವಸ್ಥಾನಗಳು ಬಂದ್, ಮತ್ತೆ ತೆಗೆಯೋದು ನಾಲ್ಕಕ್ಕೆ. ಇಡೀ ಊರು ಆಗ ಸೀರೆ ಅಂಗಡಿ ಒಳಗೆ ಕೂತಿರುತ್ತೆ!

ನಾವೂ ಕೂತ್ವಿ, ಮೂರು ಗಂಟೆ. ಅಂಗಡಿಯೋರು ಮುಂದೆ ಸೀರೆ ರಾಶಿ ಹಾಕಿ, ಒಡಲು ಬೇರೆ ಬಣ್ಣ ಅಂಚು ಬೇರೆ ಬಣ್ಣ, ಮೂರು ಲಾಳಿಲಿ ನೇಯ್ದಿದ್ದು, ಸೀರೆ ಹರಿದ್ರೂ ಅಂಚು ಕಿತ್ತು ಬರಲ್ಲ ಅಂತ ಎಳೆದು ತೋರಿಸ್ತಾ ಇದ್ರು. ಜರಿ ಸೂರತ್‌ದು, ರೇಷ್ಮೆ ನೂಲು ಬೆಂಗಳೂರು ಕಡೆಯಿಂದ ಬರುತ್ತೆ ಅಂದಿದ್ದೇ ತಡ, ಅಮ್ಮ ಸೆಟೆದು ಕೂತ್ಲು. ನಮ್ಮ ರಾಮನಗರದ ಗೂಡು, ನಮಗೇ ಈ ರೇಟಾ ಅಂತ. ತಂಗಿ ವೀಡಿಯೋ ಕಾಲಲ್ಲಿ ಆರು ಸೀರೆ ಬೇಡ ಅಂದು ಏಳನೇದಕ್ಕೆ ಹೂಂ ಅಂದ್ಲು. 28 ಸಾವಿರ. ಅಮ್ಮ ಐನೂರು ಬಿಡಿಸಕ್ಕೆ ಅರ್ಧ ಗಂಟೆ ಒದ್ದಾಡಿದ್ಲು, ಅವ್ರು ಒಂದು ಬಟ್ಟೆ ಬ್ಯಾಗು ಕೊಟ್ಟು ಕಳಿಸಿದ್ರು.

ನಾಲ್ಕು ಗಂಟೆಗೆ ಕೈಲಾಸನಾಥ. ಊರಾಚೆ, ಎದುರಿಗೆ ಹುಲ್ಲು ಹಾಸು, ಜನಾನೇ ಇಲ್ಲ. ಸುಮಾರು 700ರ ಹೊತ್ತಿಗೆ ಪಲ್ಲವರ ರಾಜ ರಾಜಸಿಂಹ ಕಟ್ಟಿಸಿದ್ದು, ಮರಳುಗಲ್ಲು, ಹಾಗಾಗಿ ಅಲ್ಲಲ್ಲಿ ಮೂಗು ಮುಖ ಎಲ್ಲಾ ಸವೆದುಹೋಗಿವೆ. ಪ್ರಾಕಾರದ ಸುತ್ತ 58 ಪುಟಾಣಿ ಗುಡಿ, ಎಲ್ಲಿ ನೋಡಿದ್ರೂ ಎದ್ದು ನಿಂತಿರೋ ಸಿಂಹ, ಕೆಲವು ಗೂಡೊಳಗೆ ಹಳೇ ಬಣ್ಣದ ಚೂರು ಇನ್ನೂ ಅಂಟ್ಕೊಂಡಿದೆ. ಪಟ್ಟದಕಲ್ಲಿನ ವಿರೂಪಾಕ್ಷ ನೋಡಿದೋರಿಗೆ ಇಲ್ಲಿ ನಿಂತ್ರೆ ಎಲ್ಲೋ ನೋಡಿದೀನಲ್ಲಾ ಅನ್ಸುತ್ತೆ. ಅನ್ಸಲೇಬೇಕು, ಕಂಚಿ ಗೆದ್ದ ನೆನಪಿಗೆ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಅದು.

ಗರ್ಭಗುಡಿ ಸುತ್ತ ಪ್ರದಕ್ಷಿಣೆಗೆ ಒಂದು ಕಿಂಡಿ ಇದೆ, ತೆವಳ್ಕೊಂಡೇ ಹೋಗಬೇಕು, ಆಚೆ ಬಂದ್ರೆ ಮರುಜನ್ಮ ಇಲ್ಲ ಅಂತ ನಂಬಿಕೆ. ಬೆಳಗ್ಗೆಯಿಂದ ಮಂಡಿನೋವು ಮಂಡಿನೋವು ಅಂತಿದ್ದ ಅಮ್ಮ ಸೆರಗು ಸಿಗಿಸ್ಕೊಂಡು ಒಳಗೆ ನುಗ್ಗೇಬಿಟ್ಲು, ಅರ್ಧದಲ್ಲಿ ಸಿಕ್ಕಾಕ್ಕೊಂಡು ನಗ್ತಾ ಇದಾಳೆ, ಹಿಂದೆ ಇದ್ದ ನಂಗೆ ಗಾಬರಿ.

ಶಾಸನ ಹುಡುಕಿದ್ದು ದೊಡ್ಡ ಕತೆ. ನನ್ನ ಹರಕು ತಮಿಳಲ್ಲಿ 'ಕನ್ನಡ ಎಳುತ್ತು ಎಂಗೆ', ಕನ್ನಡ ಅಕ್ಷರ ಎಲ್ಲಿ, ಅಂತ ಕೇಳಿದ್ದಕ್ಕೆ ವಾಚ್‌ಮನ್ ಒಬ್ರು ಮಾತಾಡದೇ ಮಂಟಪಕ್ಕೆ ಕರ್ಕೊಂಡು ಹೋಗಿ ಕಂಬದ ಹಿಂಬದಿ ತೋರಿಸಿದ್ರು. ಮೊಬೈಲ್ ಟಾರ್ಚ್ ಹಾಕಿದೆ. ಹಳಗನ್ನಡ, ಲಿಪೀನೂ ಹಳೇದು, ನಿಜ ಹೇಳ್ಬೇಕಂದ್ರೆ ಒಂದಕ್ಷರ ಓದಕ್ಕೆ ಆಗ್ಲಿಲ್ಲ. ಅದರಲ್ಲಿರೋ ವಿಷಯ ಮಾತ್ರ ಮನೇಲೇ ಓದ್ಕೊಂಡು ಹೋಗಿದ್ದೆ. ಕಂಚಿ ಗೆದ್ದ ಮೇಲೆ ವಿಕ್ರಮಾದಿತ್ಯ ಈ ದೇವಸ್ಥಾನದ ಸಂಪತ್ತು ನೋಡಿ, ಮುಟ್ಟದೇ ದೇವರಿಗೇ ವಾಪಸ್ ಬಿಟ್ಟುಕೊಟ್ಟ. ಈ ಅಕ್ಷರ ಅಳಿಸಿದೋರಿಗೆ ಪಾಪ ಅಂತಾನೂ ಕೊನೇಲಿದೆ. ಯಾರೂ ಅಳಿಸಿಲ್ಲ. ಹತ್ರ ಹತ್ರ 1300 ವರ್ಷ, ಎಷ್ಟು ರಾಜರು ಬಂದು ಹೋದ್ರೋ, ಗೆದ್ದ ಶತ್ರು ಬರೆಸಿದ ಕಂಬಾನ ಆ ಊರೋರು ಹಾಗೇ ಬಿಟ್ಟಿದಾರೆ. ಬಾದಾಮಿ ಬಂಡೆ ನೋಡಿ ಉರ್ಕೊಂಡಿದ್ದು ನೆನಪಾಗಿ ಸ್ವಲ್ಪ ನಾಚಿಕೆ ಆಯ್ತು.

ಅಮ್ಮಂಗೆ ಎಲ್ಲಾ ವಿವರಿಸಿದೆ. ಪೂರ್ತಿ ಕೇಳಿಸ್ಕೊಂಡು ಅಂದಿದ್ದು, 'ಗೆದ್ದೋನೇ ಚಿನ್ನ ವಾಪಸ್ ಕೊಟ್ಟ ಅಂತೀಯ, ಆ ಅಂಗಡಿಯೋನು ಐನೂರು ಬಿಡ್ಲಿಲ್ಲ ನೋಡು.'

ವರದರಾಜ ಪೆರುಮಾಳ್ ಗುಡಿಗೆ ಹೋಗಕ್ಕಾಗ್ಲಿಲ್ಲ, ಕತ್ತಲಾಗ್ತಿತ್ತು. ಅಲ್ಲಿ ಕೊಳದ ನೀರೊಳಗಿರೋ ಅತ್ತಿ ವರದರನ್ನ, ಅಂದ್ರೆ ಅತ್ತಿ ಮರದ ವರದರಾಜನ ಮೂರ್ತೀನ, 40 ವರ್ಷಕ್ಕೊಮ್ಮೆ ಮೇಲೆ ತೆಗೀತಾರಲ್ಲ, 2019ರಲ್ಲಿ ತೆಗೆದಾಗ ಅಮ್ಮಂಗೆ ಬರಕ್ಕಾಗಿರ್ಲಿಲ್ಲ. ಇನ್ನು 2059. ಕಾರಲ್ಲಿ ಬೆರಳೆಣಿಸಿ 'ನಂಗಾಗ 96 ಕಣೋ' ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, 'ನೀನು ಕರ್ಕೊಂಡು ಬರ್ತೀಯ ತಾನೇ?'

ರಾತ್ರಿ ಆಂಬೂರು ಹತ್ರ ಟೀಗೆ ನಿಲ್ಸಿದಾಗ ಶಾಸನದ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಮೂರೂ ಮಸುಕು. ಚಿಕ್ಕಪ್ಪನ ರಿಪ್ಲೈ ಮನೆಗೆ ಮುಟ್ಟೋ ಮುಂಚೆ ಬಂದಿತ್ತು: 'ಕಂಬ ಆಮೇಲೆ, ಸೀರೆ ಫೋಟೋ ಹಾಕಪ್ಪ, ಚಿಕ್ಕಮ್ಮ ಕೇಳ್ತಿದಾಳೆ.'